ಜಲಬಾಧೆ

ಈ ಲೇಖನದ ತಲೆಬರಹವನ್ನು ಕಂಡೊಡನೆ ಕೆಲವರು ಮೂಗು ಮುರಿಯಬಹುದು, ಕೆಲವರು ನಕ್ಕು ಪುಟ ತಿರುವಬಹುದು ಎಂಬುದನ್ನು ನಾನು ಬಲ್ಲೆ. ಕಾಲೇಜಿನ ವಾರ್ಷಿಕ ಸಂಚಿಕೆಗೆ ಬರೆಯುವವರು ಸಾಮಾನ್ಯವಾಗಿ ಸೂರ್ಯೋದಯವನ್ನೋ, ಸ್ನೇಹವನ್ನೋ, ಜೋಗಕ್ಕೆ ಹೋಗಿಬಂದ ಪ್ರವಾಸವನ್ನೋ ಆರಿಸಿಕೊಳ್ಳುತ್ತಾರೆ. ನಾನೂ ಮೊದಲು ಅಂಥದೇ ಒಂದು ವಿಷಯಕ್ಕಾಗಿ ಹುಡುಕಾಡಿದೆ. ಆದರೆ ಲೇಖನಿ ಹಿಡಿದು ಕುಳಿತಾಗಲೆಲ್ಲ ಮನಸ್ಸು ಇದೊಂದೇ ಕಡೆಗೆ ಹರಿಯಿತು. ಸಂಪಾದಕ ಸಮಿತಿಯ ಅಧ್ಯಾಪಕರೊಬ್ಬರಲ್ಲಿ ಸಂಕೋಚದಿಂದಲೇ ಅರಿಕೆ ಮಾಡಿಕೊಂಡೆ. ಅವರು ಕ್ಷಣಕಾಲ ಸುಮ್ಮನಿದ್ದು, “ಮರ್ಯಾದೆಯಿಂದ ಬರೆಯುವುದಾದರೆ ಯಾವ ವಿಷಯಕ್ಕೂ ಮರ್ಯಾದೆ ಬರುತ್ತದಪ್ಪ, ಬರಿ” ಎಂದರು. ಆ ಮಾತಿನ ಧೈರ್ಯದ ಮೇಲೆ ಬರೆದಿದ್ದೇನೆ. ತಪ್ಪಿದ್ದರೆ ವಾಚಕರು ಮನ್ನಿಸಬೇಕು.

ಜಲಬಾಧೆ ಯಾರಿಗೆ ಹೊಸದು? ಪರೀಕ್ಷೆಯ ಬೆಳಗ್ಗೆ ನಮ್ಮ ಕಾಲೇಜಿನ ಹಿಂಭಾಗವನ್ನು ಒಮ್ಮೆ ನೋಡಬೇಕು. ಹತ್ತು ನಿಮಿಷದ ಕೆಳಗೆ ಹೋಗಿಬಂದವನು ಮತ್ತೆ ಸಾಲಿನಲ್ಲಿ ನಿಂತಿರುತ್ತಾನೆ. ಗಂಟೆ ಬಾರಿಸಿ ಪ್ರಶ್ನಪತ್ರಿಕೆ ಕೈಗೆ ಬಂದು, ನಾಲ್ಕು ಸಾಲು ಬರೆಯುವಷ್ಟರಲ್ಲಿ ಆ ಬಾಧೆ ಎಲ್ಲಿ ಅಡಗಿತೋ ತಿಳಿಯದು! ಇದಕ್ಕೆ ವಿರುದ್ಧವಾದದ್ದೂ ಉಂಟು. ನಿಜವಾಗಿಯೇ ಅವಸರವಾಗಿ ಓಡಿಹೋದಾಗ ಪಕ್ಕದಲ್ಲಿ ಪರಿಚಯದ ಅಧ್ಯಾಪಕರೊಬ್ಬರು ಬಂದು ನಿಂತರೆ ತೀರಿತು, ಎಷ್ಟು ಹೊತ್ತು ನಿಂತರೂ ಒಂದು ಹನಿ ಬರುವುದಿಲ್ಲ. ಎಲ್ಲೋ ನಲ್ಲಿಯ ನೀರು ಸುರಿದ ಸದ್ದಾದರೆ ಸಾಕು, ಇಲ್ಲದ ಬಾಧೆ ಹುಟ್ಟಿಕೊಳ್ಳುತ್ತದೆ. ಮೂತ್ರಕೋಶವೆಂಬುದು ಬರಿಯ ನೀರಿನ ಚೀಲವಾಗಿದ್ದರೆ ಅದಕ್ಕೆ ಪರೀಕ್ಷೆಯ ಭಯವೇಕೆ? ಗುರುಗಳ ಮುಂದೆ ನಾಚಿಕೆಯೇಕೆ? ಈ ಪ್ರಶ್ನೆ ಬಹುಕಾಲ ನನಗೆ ತಮಾಷೆಯ ಪ್ರಶ್ನೆಯಾಗಿಯೇ ಇತ್ತು. ಅದು ತಮಾಷೆಯಲ್ಲವೆಂದು ತಿಳಿದದ್ದು ನನ್ನ ಅಣ್ಣನಿಂದ.

ಅಣ್ಣ ನನಗಿಂತ ಎಂಟು ವರ್ಷ ದೊಡ್ಡವನು. ನಮ್ಮದು ತಿಪಟೂರು ಸೀಮೆಯ ಒಂದು ಹಳ್ಳಿ. ತೆಂಗಿನ ತೋಟ, ಊರ ಮುಂದೆ ಕೆರೆ, ಮನೆಯ ತುಂಬ ಜನ. ಹೇಳಿಕೊಳ್ಳಲು ನಾಚಿಕೆಯಾದರೂ ಹೇಳಿಯೇ ಬಿಡುತ್ತೇನೆ: ಎಂಟು ವರ್ಷ ತುಂಬುವವರೆಗೆ ನಾನು ರಾತ್ರಿ ಹಾಸಿಗೆಯನ್ನು ಒದ್ದೆ ಮಾಡುತ್ತಿದ್ದೆ. ಅಜ್ಜಿ ಎಳ್ಳು ಬೆಲ್ಲದ ಉಂಡೆ ತಿನ್ನಿಸಿದಳು, ಹರಕೆ ಹೊತ್ತಳು, ಕೊನೆಗೆ “ಸೋಂಬೇರಿ ಕಣ್ಲಾ ನೀನು, ಏಳಾಕೆ ಬೇಜಾರು ನಿಂಗೆ” ಎಂದು ತೀರ್ಪು ಕೊಟ್ಟಳು. ಆಗ ಹದಿನೈದು ವರ್ಷದವನಾಗಿದ್ದ ಅಣ್ಣ ಯಾರಿಗೂ ಹೇಳದೆ ಒಂದು ಕೆಲಸ ಹಿಡಿದ. ದಿನವೂ ನಡುರಾತ್ರಿ ನನ್ನನ್ನು ಎಬ್ಬಿಸಿ, ಕೈಹಿಡಿದು, ಕೊಟ್ಟಿಗೆ ದಾಟಿಸಿ ಹಿತ್ತಿಲಿಗೆ ಕರೆದುಕೊಂಡು ಹೋಗುತ್ತಿದ್ದ. ನನಗೆ ನಾಚಿಕೆಯಾಗಬಾರದೆಂದು ಬ್ಯಾಟರಿಯನ್ನು ನೆಲಕ್ಕೆ ಹಿಡಿದು ತಾನು ಬೆನ್ನು ತಿರುಗಿಸಿ ನಿಲ್ಲುತ್ತಿದ್ದ. ನಿದ್ದೆಗಣ್ಣಿನಲ್ಲಿ ನಾನು ಸುಮ್ಮನೆ ನಿಂತುಬಿಟ್ಟರೆ, ತಾಯಂದಿರು ಕೂಸುಗಳಿಗೆ ಮಾಡುವಂತೆ “ಶ್…” ಎಂದು ಸದ್ದು ಮಾಡುತ್ತಿದ್ದ.

ಒಮ್ಮೆ ಸೋದರತ್ತೆಯ ಮನೆಗೆ ಹೋಗಿದ್ದಾಗ ಅಲ್ಲಿಯೂ ನಾನು ಹಾಸಿಗೆ ಒದ್ದೆ ಮಾಡಿಬಿಟ್ಟೆ. ಬೆಳಕು ಹರಿಯುತ್ತಿತ್ತು. ಅತ್ತೆಯ ಮಕ್ಕಳು ಏಳುವ ಹೊತ್ತು. ಅಣ್ಣ ನನ್ನ ಮುಖ ನೋಡಿದ, ಹಾಸಿಗೆ ನೋಡಿದ, ತಲೆದೆಸೆಯಲ್ಲಿದ್ದ ಚೊಂಬಿನ ನೀರನ್ನೆಲ್ಲ ಹಾಸಿಗೆಯ ಮೇಲೆ ಸುರಿದು, “ಕುಡಿಯಕ್ಕೆ ಹೋಗಿ ಚೆಲ್ಲಿಬಿಟ್ಟೆ ಅತ್ತೆ” ಎಂದು ಕೂಗಿದ. ಬೈಗುಳ ಅವನಿಗಾಯಿತು. ನಾನು ಬಚಾವಾದೆ.

ಈಗ ಓದಿ ತಿಳಿದಿದ್ದೇನೆ, ಅದು ಸೋಮಾರಿತನವಲ್ಲ. ಐದು ವರ್ಷದ ಮಕ್ಕಳಲ್ಲಿ 100ಕ್ಕೆ ಸುಮಾರು 15 ಮಕ್ಕಳು ರಾತ್ರಿ ಒದ್ದೆ ಮಾಡಿಕೊಳ್ಳುತ್ತಾರೆ. ಇದು ಎಷ್ಟೋ ವೇಳೆ ವಂಶದಲ್ಲಿಯೇ ಬರುತ್ತದೆ. ಕೋಶ ತುಂಬಿದ ಸುದ್ದಿ ಮಿದುಳಿಗೆ ಮುಟ್ಟಿದರೂ ಗಾಢನಿದ್ರೆ ಹರಿಯುವುದಿಲ್ಲ. ರಾತ್ರಿಯ ಹೊತ್ತು ಮೂತ್ರದ ಉತ್ಪತ್ತಿಯನ್ನು ತಗ್ಗಿಸತಕ್ಕ ವ್ಯಾಸೊಪ್ರೆಸಿನ್ ಎಂಬ ರಸ ಕೆಲವು ಮಕ್ಕಳಲ್ಲಿ ಸಾಕಷ್ಟು ಒಸರುವುದಿಲ್ಲ. ವಯಸ್ಸಾದಂತೆ ಇದೆಲ್ಲ ತಾನಾಗಿ ಸರಿಹೋಗುತ್ತದೆ. ಬೈಗುಳದಿಂದ ಸರಿಹೋದದ್ದಿಲ್ಲ.

2022ರಲ್ಲಿ ಯುಗಾದಿಯ ಮಾರನೆಯ ದಿನ, ಹೊಸತೊಡಕಿಗೆ ನೆಂಟರು ಬಂದಿದ್ದರು. ನಾನು ಪಿ.ಯು. ಎರಡನೆಯ ವರ್ಷದಲ್ಲಿದ್ದೆ, ಪರೀಕ್ಷೆಗೆ ಕೆಲವೇ ವಾರ ಉಳಿದಿತ್ತು. ಬಂದವರಿಗೆ ಎಳನೀರು ಇಳಿಸಲು ಅಣ್ಣ ಮರ ಹತ್ತಿದ. ನೂರಾರು ಸಲ ಹತ್ತಿ ಇಳಿದ ಮರವೇ. ಹೇಗೆ ಜಾರಿದನೋ ಅವನಿಗೂ ಗೊತ್ತಿಲ್ಲ. ಬಿದ್ದ ಸದ್ದು ಮಾತ್ರ ನನಗೆ ಈಗಲೂ ಕೇಳುತ್ತದೆ. ಓಡಿಹೋದಾಗ ಅವನಿಗೆ ಪ್ರಜ್ಞೆ ಇತ್ತು. “ಕಾಲು ಎಲ್ಲೋ ಹೋದಂಗದೆ ಕಣೋ, ನೋಡು” ಎಂದ. ಕಾಲುಗಳು ಅಲ್ಲಿಯೇ ಇದ್ದವು.

ಆಸ್ಪತ್ರೆಯಲ್ಲಿ ಚಿತ್ರ ತೆಗೆದು ನೋಡಿ, ಎದೆಯ ಭಾಗದ ಎಂಟನೆಯ ಬೆನ್ನುಮೂಳೆ ಮುರಿದು ಬೆನ್ನುಹುರಿ ನಜ್ಜಾಗಿದೆ ಎಂದರು. ಮನೆಯವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: ನಡೆಯುತ್ತಾನೆಯೇ? ಅಣ್ಣನನ್ನು ಮೊದಲು ಕಾಡಿದ್ದು ಬೇರೆ. ಅವನಿಗೆ ಜಲಬಾಧೆಯೇ ಆಗುತ್ತಿರಲಿಲ್ಲ. ಹೊಟ್ಟೆಯ ಕೆಳಗೆ ಗಡಿಗೆಯಂತೆ ಉಬ್ಬಿದ್ದರೂ ಅವನಿಗೆ ಅರಿವಿಲ್ಲ. ಕ್ಯಾಥೆಟರ್ ಹಾಕಿದರು; ವಾರ್ಡಿನಲ್ಲಿ ಎಲ್ಲರೂ ಅದನ್ನು ‘ಪೈಪು’ ಎನ್ನುತ್ತಿದ್ದರು. ಮಂಚದ ಬದಿಯಲ್ಲಿ ತೂಗುಬಿಟ್ಟ ಚೀಲಕ್ಕೆ ಹಳದಿ ನೀರು ಹನಿಯುವುದನ್ನು ಕಂಡು ಅಣ್ಣ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿದ. ಯಾರಾದರೂ ನೋಡಲು ಬಂದರೆ ಮೊದಲು ಆ ಚೀಲಕ್ಕೆ ಟವೆಲ್ಲು ಹೊದಿಸು ಎಂದು ನನಗೆ ಕಣ್ಸನ್ನೆ ಮಾಡುತ್ತಿದ್ದ.

ಅಲ್ಲಿ ಒಬ್ಬ ಹಿರಿಯ ಡಾಕ್ಟರಿದ್ದರು. ಒಂದು ಸಂಜೆ ಬಿಡುವಾಗಿ ಕುಳಿತು, “ನಿಮ್ಮೂರಲ್ಲಿ ಕೆರೆ ಇದೆಯೇನಪ್ಪ?” ಎಂದು ಅಣ್ಣನನ್ನು ಕೇಳಿದರು. ಇದೆ ಎಂದ. “ತೂಬು ಯಾರು ಎತ್ತುತ್ತಿದ್ದರು?” ಹಿಂದೆ ನೀರುಗಂಟಿ ಎತ್ತುತ್ತಿದ್ದನೆಂದು ಅಪ್ಪ ಹೇಳಿದರು. “ತನ್ನಿಷ್ಟಕ್ಕೆ ಎತ್ತುತ್ತಿದ್ದನೋ?” “ಉಂಟೇ ಸ್ವಾಮಿ, ಪಟೇಲರ ಅಪ್ಪಣೆ ಆಗಬೇಕಲ್ಲ!” “ಹಾಗಾದರೆ ನಿಮಗೆ ಅರ್ಧ ಶಾಸ್ತ್ರ ಗೊತ್ತಿದೆ” ಎಂದು ಡಾಕ್ಟರು ಉಳಿದರ್ಧವನ್ನು ಹೇಳಿದರು. ಆ ಸಂಜೆ ಕೇಳಿದ್ದನ್ನೂ ಅನಂತರ ನಾನು ಓದಿಕೊಂಡದ್ದನ್ನೂ ಸೇರಿಸಿ ಇಲ್ಲಿ ಹೇಳುತ್ತೇನೆ.

ಮೂತ್ರಪಿಂಡಗಳಿಂದ ದಿನಕ್ಕೆ ಸುಮಾರು ಒಂದೂವರೆ ಲೀಟರಿನಷ್ಟು ಮೂತ್ರ ಕೆಳಗಿಳಿಯುತ್ತದೆ. ಮೂತ್ರಕೋಶವೇ ಕೆರೆ. ಇದರ ಏರಿ ಮಣ್ಣಿನದಲ್ಲ, ಮಾಂಸಖಂಡದ್ದು. ತುಂಬಿದಂತೆಲ್ಲ ಹಿಗ್ಗುತ್ತದೆ, ಖಾಲಿಮಾಡುವಾಗ ತಾನೇ ಹಿಂಡಿಕೊಳ್ಳುತ್ತದೆ. 150ರಿಂದ 200 ಮಿಲಿಲೀಟರ್ ತುಂಬುವಾಗ ಮೊದಲ ಸೂಚನೆ. 400ರಿಂದ 500ಕ್ಕೆ ಬಂದಾಗ ಅವಸರ. ತೂಬಿಗೆ ಎರಡು ಬಾಗಿಲು. ಒಳಬಾಗಿಲು ನಮ್ಮ ಮಾತು ಕೇಳುವುದಿಲ್ಲ, ತಾನಾಗಿ ಮುಚ್ಚಿ ತೆರೆಯುತ್ತದೆ. ಹೊರಬಾಗಿಲು ನಮ್ಮದು, ತರಗತಿಯಲ್ಲಿ ಕಾಲು ಹೆಣೆದುಕೊಂಡು ಗಡಿಯಾರ ನೋಡುವಾಗ ನಾವು ಬಿಗಿಹಿಡಿಯುವುದು ಅದನ್ನೇ.

ಈ ಕೆರೆಗೆ ಮೂರು ಬಗೆಯ ನರಗಳು ಆಳುಗಳಂತೆ ದುಡಿಯುತ್ತವೆ. ಬೆನ್ನಿನ ನಡುಭಾಗದಿಂದ ಹೊರಡುವ ಹೈಪೋಗ್ಯಾಸ್ಟ್ರಿಕ್ ನರ ಏರಿಯನ್ನು ಸಡಿಲವಾಗಿಯೂ ಒಳಬಾಗಿಲನ್ನು ಬಿಗಿಯಾಗಿಯೂ ಇಡುತ್ತದೆ. ಇದು ಕೂಡಿಡುವ ಆಳು. ಬೆನ್ನುಹುರಿಯ ತುದಿಯಲ್ಲಿರುವ ಸ್ಯಾಕ್ರಲ್ ಭಾಗದ 2, 3, 4ನೆಯ ತುಂಡುಗಳಿಂದ ಹೊರಡುವ ಪೆಲ್ವಿಕ್ ನರ ಏರಿಯನ್ನು ಹಿಂಡುತ್ತದೆ. ಅಲ್ಲಿಂದಲೇ ಹೊರಡುವ ಪುಡೆಂಡಲ್ ನರ ಹೊರಬಾಗಿಲನ್ನು ಕಾಯುತ್ತದೆ. ಹಿಂಡುವವನು ಹಿಂಡುವಾಗ ಬಾಗಿಲು ಕಾಯುವವನು ಬಿಡಬೇಕು; ಬಾಗಿಲು ಮುಚ್ಚಿರುವಾಗ ಹಿಂಡುವವನು ಸುಮ್ಮನಿರಬೇಕು. ಇವರಿಬ್ಬರ ನಡುವೆ ಹೊಂದಿಕೆ ಏರ್ಪಡಿಸುವ ನೀರುಗಂಟಿ ಇರುವುದು ಬಹು ಮೇಲೆ, ಮಿದುಳಿನ ಬುಡದ ಪಾನ್ಸ್ ಎಂಬ ಭಾಗದಲ್ಲಿ. 1925ರಲ್ಲಿ ಲಂಡನ್ನಿನ ಬ್ಯಾರಿಂಗ್‌ಟನ್ ಎಂಬ ವೈದ್ಯರು ಬೆಕ್ಕುಗಳ ಮೇಲೆ ಪ್ರಯೋಗ ಮಾಡಿ ಈ ಜಾಗವನ್ನು ಗುರುತಿಸಿದ್ದರಿಂದ ಅದಕ್ಕೆ ಅವರ ಹೆಸರೇ ಉಳಿದಿದೆ.

ನೀರುಗಂಟಿಯ ಮೇಲೆ ಪಟೇಲ. ಅವನು ಹಣೆಯ ಹಿಂದಿರುವ ಮಿದುಳಿನ ಮುಂಭಾಗ. ಹೊತ್ತು ಯಾವುದು, ಜಾಗ ಯಾವುದು, ಎದುರಿಗೆ ಯಾರಿದ್ದಾರೆ ಎಂಬುದನ್ನೆಲ್ಲ ವಿಚಾರಿಸಿ ಅವನು ಅಪ್ಪಣೆ ಕೊಡಬೇಕು. ಕೂಸಿನಲ್ಲಿ ಈ ಪಟೇಲನಿಗೆ ಇನ್ನೂ ಅಧಿಕಾರ ಬಂದಿರುವುದಿಲ್ಲ, ತುಂಬಿದರೆ ಹರಿಯುತ್ತದೆ. ಮೂರರಿಂದ ಐದು ವರ್ಷದೊಳಗೆ ಬಹುಮಟ್ಟಿಗೆ ಅಧಿಕಾರ ಕೈಗೆ ಬರುತ್ತದೆ. ವಾಚಕರು ಗಮನಿಸಬೇಕಾದ ವಿಶೇಷವೆಂದರೆ, ನಾವು ‘ಮೂತ್ರ ಮಾಡುವುದು’ ಎನ್ನುತ್ತೇವಲ್ಲ, ನಿಜವಾಗಿ ನಾವು ಮಾಡುವುದು ಏನೂ ಇಲ್ಲ. ಕೋಶವನ್ನು ಇಚ್ಛೆಯಿಂದ ಹಿಂಡಲು ನಮಗೆ ಬಾರದು. ಇಷ್ಟು ಹೊತ್ತು ಬೇಡವೆಂದು ತಡೆದವನು ಈಗ ಆಗಲಿ ಎನ್ನುತ್ತಾನೆ, ಉಳಿದದ್ದನ್ನು ಕೆಳಗಿನವರು ಮಾಡುತ್ತಾರೆ. ದಿನದ 24 ಗಂಟೆಯಲ್ಲಿ ತೂಬು ತೆರೆದಿರುವುದು ಎಲ್ಲ ಸೇರಿ ಕೆಲವೇ ನಿಮಿಷ. ಉಳಿದ ಹೊತ್ತೆಲ್ಲ ಕಾವಲು. ಪಟೇಲ ಪರೀಕ್ಷೆಯ ಭಯಕ್ಕೆ ಬಿದ್ದರೆ ಕಾಲುಭಾಗ ತುಂಬಿದ ಕೆರೆಯೂ ಕೋಡಿ ಬಿದ್ದಂತೆ ತೋರುತ್ತದೆ. ಗುರುಗಳು ಪಕ್ಕದಲ್ಲಿ ನಿಂತಾಗ ಅವನ ಬಾಯಿಂದ ಅಪ್ಪಣೆಯೇ ಹೊರಡುವುದಿಲ್ಲ. ನನ್ನ ತಮಾಷೆಯ ಪ್ರಶ್ನೆಗೆ ಉತ್ತರ ಇಷ್ಟೆ.

ಅಣ್ಣನಲ್ಲಿ ಮುರಿದದ್ದು ಕೆರೆಯಲ್ಲ, ತೂಬಲ್ಲ, ದಾರಿ. ಮೇಲಿನ ಅಪ್ಪಣೆ ಕೆಳಕ್ಕಿಳಿಯುವ, ಕೆಳಗಿನ ಸುದ್ದಿ ಮೇಲಕ್ಕೇರುವ ದಾರಿ ಬೆನ್ನಿನ ನಡುವೆ ತುಂಡಾಗಿತ್ತು. ಮೊದಮೊದಲು ಕೆಳಗಿನ ಆಳುಗಳೆಲ್ಲ ಪೆಟ್ಟಿಗೆ ಬೆಚ್ಚಿ ಮೂರ್ಛೆ ಹೋದಂತಿರುತ್ತಾರೆ. ಕೋಶ ತುಂಬಿ ಬಿರಿಯುವಂತಿದ್ದರೂ ಹಿಂಡುವುದಿಲ್ಲ. ಕೆಲವು ವಾರ, ಕೆಲವರಲ್ಲಿ ತಿಂಗಳುಗಳ ಮೇಲೆ ಅವರು ಎಚ್ಚರಗೊಳ್ಳುತ್ತಾರೆ. ಆಗಲೇ ನಿಜವಾದ ಅಪಾಯ. ನೀರುಗಂಟಿಯ ಮಾತು ಕೇಳಿಸದೆ ಹಿಂಡುವವನು ತನಗೆ ತೋಚಿದಾಗ ಹಿಂಡುತ್ತಾನೆ. ಅದೇ ಗಳಿಗೆಯಲ್ಲಿ ಬಾಗಿಲಿನವನು ಬಾಗಿಲನ್ನು ಒತ್ತಿ ಮುಚ್ಚುತ್ತಾನೆ. ಹೊರಗೆ ದಾರಿಯಿಲ್ಲದ ನೀರಿನ ಒತ್ತಡ ಏರಿ, ಬಂದ ಕಾಲುವೆಯಲ್ಲೇ ಹಿಂದಕ್ಕೆ ನುಗ್ಗಬಹುದು. ವರ್ಷಗಳ ಮೇಲೆ ಮೂತ್ರಪಿಂಡಗಳು ಕೆಡುವುದು ಹೀಗೆ. “ಇವನ ಕಾಲಿನ ಬಗ್ಗೆ ನೀವು ಅಳಿ, ಬೇಡವೆನ್ನುವುದಿಲ್ಲ” ಎಂದರು ಡಾಕ್ಟರು. “ಆದರೆ ಇವನ ಆಯಸ್ಸು ಇರುವುದು ಈ ಚೀಲದಲ್ಲಿ. ಇದಕ್ಕೆ ಟವೆಲ್ಲು ಹೊದಿಸಬೇಡಿ.”

ನಾನು ಇತಿಹಾಸದ ವಿದ್ಯಾರ್ಥಿ. ಆ ಮಾತಿನ ಅರ್ಥ ನನಗೆ ಪೂರ್ತಿಯಾಗಿ ತಿಳಿದದ್ದು ಮೊದಲನೆಯ ಮಹಾಯುದ್ಧದ ಕಥೆ ಓದಿದಾಗ. ಆ ಯುದ್ಧದಲ್ಲಿ ಬೆನ್ನುಹುರಿ ಮುರಿದ ಸಿಪಾಯಿಗಳಲ್ಲಿ ಬಹುಮಂದಿ ಸತ್ತದ್ದು ಗುಂಡೇಟಿನಿಂದಲ್ಲ, ಆಮೇಲೆ ಮೂತ್ರದ ಸೋಂಕಿನಿಂದ ಮತ್ತು ಹಾಸಿಗೆ ಹುಣ್ಣಿನಿಂದ. ಬದುಕುವವರಲ್ಲವೆಂದು ವೈದ್ಯರೂ ಕೈಬಿಟ್ಟಿದ್ದರು. 1939ರಲ್ಲಿ ಜರ್ಮನಿಯನ್ನು ಬಿಟ್ಟು ಇಂಗ್ಲೆಂಡನ್ನು ಸೇರಿದ ಲುಡ್ವಿಗ್ ಗುಟ್‌ಮನ್ ಎಂಬ ಯಹೂದಿ ವೈದ್ಯ 1944ರಲ್ಲಿ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಇಂಥವರಿಗಾಗಿಯೇ ಒಂದು ವಿಭಾಗ ತೆರೆದ. ಮೈ ಹೊರಳಿಸುವುದು, ಮೂತ್ರಕೋಶವನ್ನು ಶುದ್ಧವಾಗಿ ಕಾಪಾಡುವುದು, ಈ ಸಣ್ಣ ಕೆಲಸಗಳನ್ನೇ ವ್ರತದಂತೆ ನಡೆಸಿದ. ಸಾಯಬೇಕಾಗಿದ್ದವರು ಎದ್ದು ಕುಳಿತರು. 1948ರಲ್ಲಿ ಅವರಲ್ಲಿ ಹದಿನಾರು ಮಂದಿ ಗಾಲಿಕುರ್ಚಿಯಲ್ಲಿ ಕುಳಿತು ಬಿಲ್ಲುವಿದ್ಯೆಯ ಪಂದ್ಯವಾಡಿದರು. ಇಂದಿನ ಪ್ಯಾರಾಲಿಂಪಿಕ್ಸ್ ಬೆಳೆದುಬಂದದ್ದು ಅದರಿಂದ. ಪದಕಗಳ ಪಟ್ಟಿ ಎಲ್ಲರಿಗೂ ಗೊತ್ತು; ಅದರ ತಳಪಾಯದಲ್ಲಿ ಕಾಪಾಡಿದ ಮೂತ್ರಕೋಶಗಳಿವೆಯೆಂಬುದನ್ನು ಯಾರೂ ಹೇಳುವುದಿಲ್ಲ.

ಮತ್ತೊಬ್ಬರ ಉಪಕಾರವನ್ನೂ ನೆನೆಯಬೇಕು. 1972ರಲ್ಲಿ ಅಮೆರಿಕದ ಮಿಚಿಗನ್ನಿನ ಜಾಕ್ ಲ್ಯಾಪಿಡೆಸ್ ಎಂಬ ವೈದ್ಯರು ಒಂದು ಹೊಸ ಮಾತು ಹೇಳಿದರು: ಪೈಪನ್ನು ಸದಾ ಒಳಗೆ ಬಿಡಬೇಕಾಗಿಲ್ಲ, ರೋಗಿಯೇ ಕೆಲವು ಗಂಟೆಗೊಮ್ಮೆ ಹಾಕಿಕೊಂಡು ಖಾಲಿಮಾಡಿ ತೆಗೆದುಬಿಡಬಹುದು, ಅದಕ್ಕೆ ಶಸ್ತ್ರಚಿಕಿತ್ಸೆಯ ಕೋಣೆಯ ಮಡಿ ಬೇಡ, ಸೋಪು ಹಚ್ಚಿ ತೊಳೆದ ಕೈ ಸಾಕು. ಕೋಶ ಅತಿಯಾಗಿ ಹಿಗ್ಗಿದಾಗ ಅದರ ಗೋಡೆಗೆ ರಕ್ತ ಸಾಲದಾಗುತ್ತದೆ, ಸೋಂಕು ಬೇರೂರುವುದು ಆಗ. ಹೊತ್ತಿಗೆ ಸರಿಯಾಗಿ ಖಾಲಿಮಾಡುವುದೇ ಮುಖ್ಯವೆಂಬುದು ಅವರ ವಾದ. ಇಂದು ಜಗತ್ತಿನಲ್ಲೆಲ್ಲ ನಡೆಯುತ್ತಿರುವ ಕ್ರಮ ಇದು.

ಅಣ್ಣ ಮನೆಗೆ ಬಂದ ಮೇಲೆ ಈ ಕ್ರಮವೇ ನಮ್ಮದಾಯಿತು. ನಾಲ್ಕು ಗಂಟೆಗೊಮ್ಮೆ ಪೈಪು. ಕೋಶದ ಸೆಡೆತವನ್ನು ತಗ್ಗಿಸುವ ಮಾತ್ರೆ. ಎಷ್ಟು ಕುಡಿದ, ಎಷ್ಟು ಹೋಯಿತು ಎಂಬುದಕ್ಕೆ ಒಂದು ಪುಸ್ತಕ. ಅವನು ಮೊದಲು ಒಪ್ಪಲಿಲ್ಲ. ಕೈ ನಡುಗುತ್ತಿತ್ತು, ಹೊಟ್ಟೆ ತೊಳಸುತ್ತಿತ್ತು. ಹಗಲು ಅಪ್ಪ ಮಾಡಿದರು, ರಾತ್ರಿಯದು ನನ್ನ ಪಾಲು. ಬೆಳಗಿನ ಜಾವ ಎರಡು ಗಂಟೆಗೆ ಗಡಿಯಾರದ ಗಂಟೆ ಇಟ್ಟುಕೊಂಡು ಎದ್ದು, ಕೈತೊಳೆದು, ಅವನನ್ನು ಎಬ್ಬಿಸುತ್ತಿದ್ದೆ. ಮೊದಲ ರಾತ್ರಿ ನನ್ನ ಕೈಯೂ ನಡುಗಿತು. ಪೈಪು ಹೋಯಿತು, ಆದರೆ ಏನೂ ಬರಲಿಲ್ಲ. ಇಬ್ಬರೂ ಉಸಿರು ಬಿಗಿಹಿಡಿದಿದ್ದೆವು. ಆಗ ಅಣ್ಣ ಕತ್ತಲೆಯಲ್ಲಿ ಮೆಲ್ಲಗೆ, “ಶ್ ಅನ್ನೋ ಒಂದು ಸಲ, ಬಂದೀತು” ಎಂದ. ಬಿದ್ದ ದಿನದಿಂದ ಅವನು ನಕ್ಕದ್ದು ಅದೇ ಮೊದಲು. ನಾನು ನಕ್ಕೆನೋ ಅತ್ತೆನೋ ಹೇಳಲಾರೆ. ಪೈಪನ್ನು ಇನ್ನೂ ಒಂದಿಷ್ಟು ಮುಂದಕ್ಕೆ ಸರಿಸಿದಾಗ ಬಂತು.

ಮೂರು ತಿಂಗಳ ಮೇಲೆ ಅವನೇ ಕಲಿತುಕೊಂಡ. ಕಲಿತ ದಿನ ಪುಸ್ತಕದಲ್ಲಿ ತನ್ನ ಕೈಯಿಂದಲೇ ‘350’ ಎಂದು ಬರೆದು, ಪರೀಕ್ಷೆಯಲ್ಲಿ ಪಾಸಾದವನಂತೆ ನನಗೆ ತೋರಿಸಿದ. ಮೇಲಿನ ಅಪ್ಪಣೆ ಕೆಳಗೆ ಮುಟ್ಟುವ ದಾರಿ ಮುರಿದಿತ್ತು, ನಿಜ. ಅವನು ಆ ಅಪ್ಪಣೆಯನ್ನು ಗಡಿಯಾರದ ಮೂಲಕ, ತನ್ನ ಎರಡು ಕೈಗಳ ಮೂಲಕ ಬೇರೊಂದು ದಾರಿಯಲ್ಲಿ ಇಳಿಸಿದ.

ಆದರೆ ನಾಚಿಕೆ ಬಿಡಲಿಲ್ಲ. ನೆಂಟರ ಮನೆ ಬಿಟ್ಟ, ಜಾತ್ರೆ ಬಿಟ್ಟ, ಎರಡು ವರ್ಷ ಹೊಸ್ತಿಲು ದಾಟಲಿಲ್ಲ. ಕಾಲಿಲ್ಲದ್ದಕ್ಕೆ ಜನ ಅಯ್ಯೋ ಎನ್ನುತ್ತಾರೆ, ಒದ್ದೆ ಬಟ್ಟೆಗೆ ಮೂಗು ಮುಚ್ಚುತ್ತಾರೆ ಎಂಬುದು ಅವನ ಅಂಜಿಕೆ. ಅವನನ್ನು ಒಬ್ಬನನ್ನೇ ಏಕೆ ದೂರಲಿ? ನಾವೆಲ್ಲರೂ ಈ ನಾಚಿಕೆಗೆ ದೇಹವನ್ನು ಒಪ್ಪಿಸಿದವರೇ. ಟೈಕೋ ಬ್ರಾಹೆ ಎಂಬ ಮಹಾ ಖಗೋಳವಿಜ್ಞಾನಿ 1601ರ ಅಕ್ಟೋಬರಿನಲ್ಲಿ ಪ್ರಾಗ್ ನಗರದ ಶ್ರೀಮಂತರೊಬ್ಬರ ಔತಣದಲ್ಲಿ, ನಡುವೆ ಏಳುವುದು ಅಸಭ್ಯವೆಂದು ಬಾಧೆಯನ್ನು ತಡೆದುಕೊಂಡು ಕುಳಿತ. ಮನೆಗೆ ಹೋದ ಮೇಲೆ ಮೂತ್ರ ಕಟ್ಟಿತು, ಹನ್ನೊಂದು ದಿನಗಳಲ್ಲಿ ತೀರಿಕೊಂಡ. ಅಷ್ಟು ದೂರ ಹೋಗುವುದೇಕೆ? ಹಳ್ಳಿಯಿಂದ ಬಸ್ಸಿನಲ್ಲಿ ಬರುವ ನಮ್ಮ ಸಹಪಾಠಿ ವಿದ್ಯಾರ್ಥಿನಿಯರಲ್ಲಿ ಎಷ್ಟೋ ಮಂದಿ ಬೆಳಗಿನಿಂದ ಸಂಜೆಯವರೆಗೆ ನೀರನ್ನೇ ಕುಡಿಯುವುದಿಲ್ಲವೆಂದು ಒಬ್ಬಾಕೆ ಹೇಳಿದಾಗ ನಾನು ತಲೆತಗ್ಗಿಸಿದೆ. ದಾರಿಯಲ್ಲಿ ಹೋಗತಕ್ಕ ಜಾಗವಿಲ್ಲ, ಕೇಳಲು ನಾಚಿಕೆ. ಕೇಳದ್ದರಿಂದ ಜಾಗವೂ ಆಗುವುದಿಲ್ಲ.

ಕಳೆದ ವರ್ಷ ಸೋದರತ್ತೆಯ ಮಗಳ ಮದುವೆ. ಹೊತ್ತು ಲೆಕ್ಕ ಹಾಕಿ, ಪೈಪು ಕಟ್ಟಿಕೊಂಡು, ಬಲವಂತದಿಂದ ಅಣ್ಣನನ್ನು ಹೊರಡಿಸಿದೆವು. ಧಾರೆ ತಡವಾಯಿತು, ಊಟ ಇನ್ನೂ ತಡವಾಯಿತು. ಪಂಕ್ತಿಯಲ್ಲಿ ಕುಳಿತಿದ್ದಾಗ ಅಣ್ಣನ ಮುಖ ಬಿಳಿಚಿದ್ದನ್ನು ಕಂಡೆ. ಅವನ ಪಂಚೆಯ ಮೇಲೆ ಒದ್ದೆ ಹರಡುತ್ತಿತ್ತು. ಪಕ್ಕದಲ್ಲಿ ಅತ್ತೆಯ ಗಂಡ ಕುಳಿತಿದ್ದರು. ನಾನು ಯೋಚಿಸಲಿಲ್ಲ. ನನ್ನ ನೀರಿನ ಲೋಟವನ್ನು ಅವನ ತೊಡೆಯ ಮೇಲೆ ಉರುಳಿಸಿ, “ಅಯ್ಯೋ, ಕೈತಪ್ಪಿತು ಅಣ್ಣ” ಎಂದೆ.

ಅಣ್ಣ ನನ್ನನ್ನೇ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ, “ಬಿಡೋ, ನಾವೀಗ ಚಿಕ್ಕೋರಲ್ಲ” ಎಂದು ಮಾವನ ಕಡೆಗೆ ತಿರುಗಿ, ಎಲ್ಲರಿಗೂ ಕೇಳುವಂತೆಯೇ, “ನೀರಲ್ಲ ಮಾವ. ಪೈಪಿನ ಹೊತ್ತು ಮೀರಿತು, ಪಂಚೆ ಒದ್ದೆಯಾಗದೆ. ಒಳಗೆ ಹೋಗಿ ಬದಲಾಯಿಸ್ಕೊಂಡು ಬರ್ತೀನಿ, ಎಲೆ ತೆಗಿಬೇಡಿ” ಎಂದ.

ಪಂಕ್ತಿಯಲ್ಲಿ ಕ್ಷಣಕಾಲ ಮಾತಿಲ್ಲ. ಮಾವ ಎದ್ದು ಗಾಲಿಕುರ್ಚಿಯನ್ನು ಹಿಂದಕ್ಕೆಳೆದುಕೊಟ್ಟು, “ಹೋಗ್ಬಾರಪ್ಪ, ಎಲೆ ನಾನು ಕಾಯ್ತೀನಿ. ನಂಗೂ ಈಗ ರಾತ್ರಿ ನಾಕು ಸಲ ಏಳ್ಬೇಕು, ಯಾರತ್ರ ಹೇಳಾನ?” ಎಂದರು.

ನಾನು ಕುರ್ಚಿಯನ್ನು ತಳ್ಳಿಕೊಂಡು ಹೋಗಿ ಬಾಗಿಲ ಹೊರಗೆ ಬೆನ್ನು ತಿರುಗಿಸಿ ನಿಂತೆ.